ವೀಸಾ ಬಂದ ಮೇಲೂ ಅಗ್ಗವಾಗಿ ಸಿಗುವ ರೈಲು: ಪೋಲೆಂಡ್, ಪ್ರಾಗ್–ಬುಡಾಪೆಸ್ಟ್, ಪೋರ್ಚುಗಲ್

ಯುರೋಪಿನಲ್ಲಿ ರೈಲು ಅಗ್ಗ ಎನ್ನುವವರೆಲ್ಲ ಕೊನೆಗೊಂದು ಮಾತು ಸೇರಿಸುತ್ತಾರೆ: ಮೂರು ತಿಂಗಳು ಮೊದಲೇ ಟಿಕೆಟ್ ಕೊಳ್ಳಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ತೊಡಕು ಇರುವುದೇ ಇಲ್ಲಿ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ, ಹೊರಡಲು ಎರಡು ಮೂರು ವಾರ ಇರುವಾಗ ಕೈಸೇರುವುದು ಮಾಮೂಲು. ಅಗ್ಗದ ಟಿಕೆಟ್‌ಗಳಲ್ಲಿ ಬಹುಪಾಲು ಒಮ್ಮೆ ಕೊಂಡರೆ ಮುಗಿಯಿತು, ದುಡ್ಡು ವಾಪಸ್ ಬರುವುದಿಲ್ಲ. ಆದ್ದರಿಂದ ಇಲ್ಲಿ ಎಲ್ಲವನ್ನೂ ತೂಗಿರುವುದು ಒಂದೇ ತಕ್ಕಡಿಯಲ್ಲಿ: ವೀಸಾ ಬಂದ ಮೇಲೆ, ಹದಿನೈದು ದಿನ ಇರುವಾಗ ಟಿಕೆಟ್ ತೆಗೆದರೂ ಜೇಬು ಸುಡದ ರೈಲು ಎಲ್ಲಿದೆ?

ಫ್ರಾನ್ಸ್, ಸ್ಪೇನ್, ಇಟಲಿಯ ಹೈಸ್ಪೀಡ್ ರೈಲುಗಳು ಈ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಬೀಳುತ್ತವೆ. ದಿನ ಹತ್ತಿರವಾದಷ್ಟೂ ಅಲ್ಲಿ ದರ ವಿಮಾನದಂತೆ ಏರುತ್ತದೆ. ಇಟಲಿಯ ರೆಜೊನಾಲೆ ರೈಲುಗಳು ಮಾತ್ರ ಇದಕ್ಕೆ ಹೊರತು. ಅವುಗಳ ದರ ಯಾವಾಗ ಕೊಂಡರೂ ಒಂದೇ, ಆದರೆ ಅವು ಊರೂರಿಗೆ ನಿಲ್ಲುವ ರೈಲುಗಳು.

ಪೋಲೆಂಡ್

ರೈಲಿನ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೇ. ದೂರದ ರೈಲು ಓಡಿಸುವ ಸರ್ಕಾರಿ ಕಂಪನಿ ಪಿಕೆಪಿ ಇಂಟರ್‌ಸಿಟಿಯ ದೇಶದೊಳಗಿನ ಟಿಕೆಟ್‌ಗಳು ಸಾಮಾನ್ಯವಾಗಿ ಮಾರಾಟಕ್ಕೆ ಬರುವುದೇ ಒಂದು ತಿಂಗಳ ಆಸುಪಾಸಿನಲ್ಲಿ. ಹಾಗಾಗಿ ಮೂರು ತಿಂಗಳ ಹಿಂದೆಯೇ ಅಗ್ಗದ ಸೀಟು ಹಿಡಿದು ಕೂತವರು ನಿಮ್ಮ ಮುಂದೆ ಯಾರೂ ಇರುವುದಿಲ್ಲ. ರೈಲುಗಳಲ್ಲಿ ನಾಲ್ಕು ಬಗೆ: ಟಿಎಲ್‌ಕೆ, ಐಸಿ, ಇಐಸಿ, ಇಐಪಿ. ಇಐಪಿ ಎಂದರೆ ಎಲ್ಲಕ್ಕಿಂತ ವೇಗದ ಪೆಂಡೊಲಿನೊ. ವಾರ್ಸಾದಿಂದ ಕ್ರಾಕೋವ್‌ಗೆ ಅದು ಸುಮಾರು ಎರಡೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅದೇ ದಾರಿಯ ಐಸಿಗೆ ಅರ್ಧ ಗಂಟೆ ಹೆಚ್ಚು ಬೇಕು, ದರ ಮಾತ್ರ ಎಷ್ಟೋ ಕಡಿಮೆ. ಹೊಸ ಐಸಿ ಡಬ್ಬಿಗಳಲ್ಲಿ ಎಸಿ, ಚಾರ್ಜಿಂಗ್ ಪಾಯಿಂಟ್ ಎಲ್ಲ ಇರುವುದರಿಂದ ಆ ಅರ್ಧ ಗಂಟೆಗಾಗಿ ಪೆಂಡೊಲಿನೊ ಹತ್ತುವುದು ನಮ್ಮ ಲೆಕ್ಕದಲ್ಲಿ ದಂಡ. ಇಐಪಿಗೆ ಟಿಕೆಟ್ ಇಲ್ಲದೆ ಹತ್ತಿ ಒಳಗೆ ಕೊಳ್ಳೋಣ ಎಂದರಂತೂ ನಿಜವಾಗಿಯೂ ಭಾರಿ ಹೆಚ್ಚುವರಿ ಬೀಳುತ್ತದೆ. ಟಿಕೆಟ್ ಮೇಲೆ ಹೆಸರಿರುತ್ತದೆ, ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು.

ಹೊಸಬರು ರೈಲು ತಪ್ಪಿಸಿಕೊಳ್ಳುವುದು ಎರಡು ಕಾರಣಕ್ಕೆ. ಮೊದಲನೆಯದು ಬೋರ್ಡಿನ ಅಂಕಿ. "ಪೆರೋನ್ 3, ತೋರ್ 8" ಎಂದು ಬರೆದಿರುತ್ತದೆ. ಪೆರೋನ್ ಎಂದರೆ ಜನ ನಿಲ್ಲುವ ಪ್ಲಾಟ್‌ಫಾರ್ಮ್, ತೋರ್ ಎಂದರೆ ಹಳಿ. ಎಂಟನ್ನು ಹಿಡಿದು ಎಂಟನೇ ಪ್ಲಾಟ್‌ಫಾರ್ಮ್ ಹುಡುಕಿಕೊಂಡು ಹೋದರೆ ರೈಲು ಮೂರನೆಯದರಿಂದ ಹೊರಟುಹೋಗಿರುತ್ತದೆ. ಎರಡನೆಯದು, ಬೋರ್ಡಿನಲ್ಲಿ ದೊಡ್ಡದಾಗಿ ಕಾಣುವುದು ರೈಲಿನ ಕೊನೆಯ ನಿಲ್ದಾಣದ ಹೆಸರು. ಕ್ರಾಕೋವ್‌ನಲ್ಲಿ ನಿಂತು ವಾರ್ಸಾ ಎಂಬ ಹೆಸರು ಹುಡುಕಿದರೆ ಸಿಗದಿರಬಹುದು, ಅಲ್ಲಿರುವುದು ಸಮುದ್ರದಂಚಿನ ಗ್ದಿನಿಯಾ. ಊರಿನ ಹೆಸರಿಗಿಂತ ರೈಲಿನ ನಂಬರ್ ನೋಡುವುದೇ ಕ್ಷೇಮ. ವಾರ್ಸಾದಲ್ಲಿ ಜಾಖೊದ್ನಿಯಾ, ಸೆಂತ್ರಾಲ್ನಾ, ಫ್ಸ್‌ಖೊದ್ನಿಯಾ ಎಂದು ಮೂರು ದೊಡ್ಡ ನಿಲ್ದಾಣಗಳು ಒಂದರ ಹಿಂದೆ ಒಂದು ಬರುತ್ತವೆ. ಇಳಿಯಬೇಕಾದದ್ದು ನಡುವಿನದರಲ್ಲಿ. ಪ್ರಾಗ್‌ಗೆ ಹೋಗುವವರು ಇನ್ನೊಂದು ಗಮನಿಸಬೇಕು. ಪೋಲಿಷ್‌ನಲ್ಲಿ ಪ್ರಾಗ್‌ಗೆ ಪ್ರಾಗಾ ಎನ್ನುತ್ತಾರೆ, ವಾರ್ಸಾದ ಒಂದು ಬಡಾವಣೆಯ ಹೆಸರೂ ಪ್ರಾಗಾ, ಅಲ್ಲೊಂದು ರೈಲು ನಿಲ್ದಾಣವೂ ಇದೆ.

ನೋಡಲು ಏನಿದೆ? ಕ್ರಾಕೋವ್‌ನ ಹಳೆಯ ಊರು 1978ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು, ಪಕ್ಕದ ವಿಯೆಲಿಚ್ಕಾ ಉಪ್ಪಿನ ಗಣಿಯೂ ಅದೇ ವರ್ಷ. ಗಣಿಗೆ ಟೂರ್ ಬಸ್ಸು ಬೇಡ. ಕ್ರಾಕೋವ್ ಮುಖ್ಯ ನಿಲ್ದಾಣದಿಂದ ಲೋಕಲ್ ರೈಲು ಹತ್ತಿ ಕೊನೆಯ ನಿಲ್ದಾಣವಾದ ವಿಯೆಲಿಚ್ಕಾ ರಿನೆಕ್–ಕೊಪಾಲ್ನಿಯಾದಲ್ಲಿ ಇಳಿದರೆ ಗಣಿ ನಡೆದು ಹೋಗುವಷ್ಟು ಹತ್ತಿರ. ಹಿರಿಯರನ್ನು ಕರೆದೊಯ್ಯುವವರಿಗೆ ಒಂದು ಎಚ್ಚರಿಕೆ: ಆರಂಭದಲ್ಲೇ ಸುಮಾರು 380 ಮೆಟ್ಟಿಲು ಇಳಿಯಬೇಕು, ಒಟ್ಟು 800ರ ಮೇಲೆ. ಮೇಲೆ ಬರಲು ಲಿಫ್ಟ್ ಇದೆ. ಆಶ್‌ವಿಟ್ಸ್ ಸ್ಮಾರಕಕ್ಕೆ ಪ್ರವೇಶ ಉಚಿತ, ಆದರೆ ಮೊದಲೇ ಆನ್‌ಲೈನ್‌ನಲ್ಲಿ ಹೆಸರು, ವೇಳೆ ಕಾಯ್ದಿರಿಸಬೇಕು. ಗೈಡ್ ಬೇಕೆಂದರೆ ಹಣ ಕೊಡಬೇಕು. ವಸ್ತುಸಂಗ್ರಹಾಲಯಗಳ ಕಾಯಂ ಪ್ರದರ್ಶನ ವಾರಕ್ಕೊಂದು ದಿನ ಉಚಿತ. ಯಾವ ದಿನ ಎನ್ನುವುದು ಒಂದೊಂದಕ್ಕೂ ಬೇರೆ, ಆ ದಿನ ನೂಕುನುಗ್ಗಲು ಖಂಡಿತ.

ಸಸ್ಯಾಹಾರಿಗಳಿಗೆ ಈ ಮೂರರಲ್ಲಿ ಪೋಲೆಂಡೇ ವಾಸಿ ಎಂದರೆ ಯಾರೂ ನಂಬುವುದಿಲ್ಲ. ಬಾರ್ ಮ್ಲೆಚ್ನಿ ಎಂಬ ಬೋರ್ಡು ಹುಡುಕಿ. ಹೆಸರಿಗೆ 'ಹಾಲಿನ ಬಾರ್', ನಿಜದಲ್ಲಿ ನಮ್ಮ ದರ್ಶಿನಿಗಳ ಹಾಗೆ ದುಡ್ಡು ಕೊಟ್ಟು ಚೀಟಿ ಪಡೆದು ತಟ್ಟೆ ತಾವೇ ಎತ್ತಿಕೊಳ್ಳುವ ಜಾಗ. ಪಿಯೆರೋಗಿ ರುಸ್ಕಿಯೆ ಎಂದರೆ ಕಡುಬಿನ ಆಕಾರದ ಹಿಟ್ಟಿನೊಳಗೆ ಆಲೂಗಡ್ಡೆ, ಬಿಳಿ ಚೀಸ್, ಈರುಳ್ಳಿ. ಮೇಲೆ ಹುರಿದ ಹಂದಿ ಕೊಬ್ಬಿನ ಚೂರು ಉದುರಿಸುವ ರೂಢಿಯಿದೆ, ಅದಕ್ಕೆ ಸ್ಕ್ವಾರ್ಕಿ ಎನ್ನುತ್ತಾರೆ. "ಬೆಸ್ ಸ್ಕ್ವಾರೆಕ್" ಎಂದು ಆರ್ಡರ್ ಕೊಡುವಾಗಲೇ ಹೇಳಬೇಕು, ತಟ್ಟೆ ಬಂದ ಮೇಲಲ್ಲ. ಬೀಟ್‌ರೂಟಿನ ಬಾರ್ಷ್ಚ್ ಸಾರು ಕೆಂಪಗೆ ಸಾಧುವಾಗಿ ಕಂಡರೂ ಮಾಂಸದ ನೀರಿನಲ್ಲಿ ಕುದಿಸಿದ್ದಿರಬಹುದು, ಕೇಳಿಯೇ ತೆಗೆದುಕೊಳ್ಳಿ. ಭಾನುವಾರ ಸೂಪರ್‌ಮಾರ್ಕೆಟ್‌ಗಳು ಬಹುತೇಕ ಮುಚ್ಚಿರುತ್ತವೆ. ಕಾನೂನೇ ಹಾಗಿದೆ. ಮೊಸರು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಬೇಕು. ಮರೆತರೆ ರೈಲು ನಿಲ್ದಾಣದೊಳಗಿನ ಅಂಗಡಿಗಳೇ ಗತಿ.

ಪ್ರಾಗ್, ವಿಯೆನ್ನಾ, ಬುಡಾಪೆಸ್ಟ್

ಅಂದದಲ್ಲಿ ಈ ಸಾಲಿಗೆ ಸಾಟಿಯಿಲ್ಲ, ಒಂದೇ ಹಳಿಯಗುಂಟ ಮೂರು ರಾಜಧಾನಿ. ಪ್ರಾಗ್‌ನಿಂದ ವಿಯೆನ್ನಾಕ್ಕೆ ನಾಲ್ಕು ಗಂಟೆ, ಅಲ್ಲಿಂದ ಬುಡಾಪೆಸ್ಟ್‌ಗೆ ಎರಡು ಮುಕ್ಕಾಲು ಗಂಟೆಯೊಳಗೆ. ಪ್ರಾಗ್‌ನಿಂದ ಬ್ರಾಟಿಸ್ಲಾವಾ ಮೇಲೆ ಬುಡಾಪೆಸ್ಟ್‌ಗೆ ನೇರ ರೈಲೂ ಇದೆ, ಏಳು ಗಂಟೆ ಹತ್ತಿರ ಹಿಡಿಯುತ್ತದೆ.

ಟಿಕೆಟ್ ಇಲ್ಲಿ ಎರಡು ಮುಖದ್ದು. ಸರ್ಕಾರಿ ರೈಲುಗಳಲ್ಲಿ ಅಗ್ಗದ ದರಕ್ಕೆ ಮಿತಿಯಿದೆ, ಮುಗಿದರೆ ಮುಗಿಯಿತು. ಒಂದೇ ರೈಲಿನ ಒಂದೇ ಸೀಟಿಗೆ ಚೆಕ್, ಆಸ್ಟ್ರಿಯಾ, ಹಂಗೇರಿ ರೈಲ್ವೆಗಳ ಸೈಟ್‌ಗಳಲ್ಲಿ ಬೇರೆ ಬೇರೆ ದರ ಕಾಣಿಸುವುದು ಮಾಮೂಲು. ಮೂರನ್ನೂ ತೆರೆದು ನೋಡದೆ ಕೊಳ್ಳಬೇಡಿ. ಪ್ರಾಗ್–ವಿಯೆನ್ನಾ ನಡುವೆ ಹಳದಿ ಬಣ್ಣದ ಖಾಸಗಿ ರೆಜಿಯೊಜೆಟ್ ಸ್ಪರ್ಧೆಗೆ ಇರುವುದರಿಂದ ಕೊನೆಯ ಎರಡು ವಾರದಲ್ಲೂ ದರ ಹಿಡಿತದಲ್ಲಿರುತ್ತದೆ. ಸೀಟು ಟಿಕೆಟಿನಲ್ಲೇ ಸೇರಿರುತ್ತದೆ. ಹುಡುಕಾಟದ ಫಲಿತಾಂಶದಲ್ಲಿ ಅವರ ಬಸ್ಸುಗಳೂ ರೈಲಿನ ಜೊತೆಗೇ ಬರುತ್ತವೆ, ಸಣ್ಣ ಚಿತ್ರ ನೋಡಿ ಕೊಳ್ಳಬೇಕು. ಬಸ್ಸು ಹೊರಡುವುದು ರೈಲು ನಿಲ್ದಾಣದಿಂದಲ್ಲ, ಪ್ರಾಗ್‌ನ ಫ್ಲೊರೆಂಟ್ಸ್ ಬಸ್ ನಿಲ್ದಾಣದಿಂದ. ಆಸ್ಟ್ರಿಯಾದ ರೈಲ್‌ಜೆಟ್‌ನಲ್ಲಿ ಹಾಗಲ್ಲ, ಟಿಕೆಟ್ ಬೇರೆ, ಸೀಟು ಬೇರೆ. ಶುಕ್ರವಾರ ಸಂಜೆ, ಭಾನುವಾರ ಸಂಜೆ ಸೀಟಿಗೆ ಪ್ರತ್ಯೇಕ ಹಣ ಕೊಡದಿದ್ದರೆ ಬಾಗಿಲ ಬಳಿ ಸೂಟ್‌ಕೇಸಿನ ಮೇಲೆ ಕೂರುವುದೇ ಪಾಡು.

ಈ ಸಾಲಿನಲ್ಲಿ ಬಜೆಟ್ ಸೋರುವುದು ರೈಲಿನಿಂದಲ್ಲ, ವಿಯೆನ್ನಾದ ಕೋಣೆ ಬಾಡಿಗೆಯಿಂದ. ಪರಿಹಾರ ನಕ್ಷೆಯಲ್ಲೇ ಇದೆ. ಬ್ರಾಟಿಸ್ಲಾವಾದಿಂದ ವಿಯೆನ್ನಾಕ್ಕೆ ಒಂದು ಗಂಟೆ, ಚೆಕ್ ದೇಶದ ಬರ್ನೊದಿಂದ ಒಂದೂವರೆ ಗಂಟೆ. ಅಲ್ಲಿ ತಂಗಿ ವಿಯೆನ್ನಾವನ್ನು ಹಗಲಿನಲ್ಲಿ ನೋಡಿ ಬಂದರೆ ಆಯಿತು. ಬ್ರಾಟಿಸ್ಲಾವಾಕ್ಕೆ ವಿಯೆನ್ನಾದಿಂದ ಎರಡು ಬೇರೆ ಮಾರ್ಗಗಳಿವೆ. ಒಂದು ಮುಖ್ಯ ನಿಲ್ದಾಣಕ್ಕೆ, ಇನ್ನೊಂದು ಡ್ಯಾನ್ಯೂಬ್ ಆಚೆಯ ಪೆಟ್ರ್‌ಜಾಲ್ಕಾಕ್ಕೆ. ಕೋಣೆ ಯಾವ ದಂಡೆಯಲ್ಲಿದೆ ಎಂದು ನೋಡಿಕೊಂಡು ರೈಲು ಆರಿಸಿ.

ಪ್ರಾಗ್‌ನಿಂದ ಒಂದು ದಿನಕ್ಕೆ ಎಲ್ಲರೂ ಹೋಗುವ ಊರು ಕುಟ್ನಾ ಹೋರಾ, ರೈಲಿನಲ್ಲಿ ಒಂದು ಗಂಟೆ. ಅಲ್ಲಿನ 'ಮುಖ್ಯ ನಿಲ್ದಾಣ'ದಲ್ಲಿ ಇಳಿದರೆ ಊರು ಕಾಣುವುದಿಲ್ಲ. ನಿಲ್ದಾಣ ಇರುವುದು ಸೆಡ್ಲೆಟ್ಸ್ ಎಂಬ ಬಡಾವಣೆಯ ಪಕ್ಕದಲ್ಲಿ, ಮೂಳೆಗಳ ಚರ್ಚು ಅಲ್ಲಿಂದ ನಡಿಗೆಯ ದೂರ. ಅದನ್ನು ಮೊದಲು ನೋಡಿ, ಆಮೇಲೆ ಸಣ್ಣ ರೈಲಿನಲ್ಲೋ ಬಸ್ಸಿನಲ್ಲೋ ಹಳೆಯ ಊರಿಗೆ ಹೋಗಿ ಸಂತ ಬಾರ್ಬರಾ ಚರ್ಚಿನಲ್ಲಿ ಮುಗಿಸುವುದು ಸರಿಯಾದ ಕ್ರಮ.

ಪ್ರಾಗ್ ಮೆಟ್ರೊದ ಕಾಗದದ ಟಿಕೆಟನ್ನು ಮೊದಲ ಬಳಕೆಯಲ್ಲಿ ಹಳದಿ ಯಂತ್ರಕ್ಕೆ ತೂರಿಸಿ ಮುದ್ರೆ ಹಾಕಿಸದಿದ್ದರೆ ಟಿಕೆಟ್ ಇದ್ದೂ ದಂಡ. ಬುಡಾಪೆಸ್ಟ್‌ನಿಂದ ಹತ್ತಿರದ ಸೆಂಟೆಂಡ್ರೆ ಊರಿಗೆ ಲೋಕಲ್ ರೈಲಿನಲ್ಲಿ ಹೋಗುವವರೂ ಎಚ್ಚರ. ನಗರದ ಪಾಸು ನಡೆಯುವುದು ನಗರದ ಗಡಿಯವರೆಗೆ ಮಾತ್ರ, ಮುಂದಿನ ತುಂಡಿಗೆ ಹೆಚ್ಚುವರಿ ಟಿಕೆಟ್ ಹತ್ತುವ ಮೊದಲೇ ಕೊಳ್ಳಬೇಕು. ಇನ್ನು ಹಣ. ಕೊರುನಾ, ಯೂರೊ, ಫೋರಿಂಟ್ ಎಂದು ಮೂರು ಬಗೆ. ಬೆಂಗಳೂರಿನಿಂದ ಯೂರೊ ಮಾತ್ರ ಸ್ವಲ್ಪ ತನ್ನಿ, ಉಳಿದದ್ದಕ್ಕೆ ಕಾರ್ಡ್. ಎಟಿಎಂ ಅಥವಾ ಕಾರ್ಡ್ ಯಂತ್ರ "ರೂಪಾಯಿಯಲ್ಲಿ ಕಡಿತ ಮಾಡಲೇ?" ಎಂದು ಕೇಳಿದರೆ ಬೇಡ ಎನ್ನಿ. ಹೂಂ ಎಂದರೆ ಯಂತ್ರದವರು ಹೇಳಿದ್ದೇ ವಿನಿಮಯ ದರ.

ಪೋರ್ಚುಗಲ್

ಪೂರ್ತಿ ದರ ಕೊಟ್ಟರೂ ಲಿಸ್ಬನ್–ಪೋರ್ಟೊ ಇಂಟರ್‌ಸಿದಾದೆಸ್ ರೈಲಿನ ಎರಡನೇ ದರ್ಜೆ 30 ಯೂರೊ ಆಸುಪಾಸು, ಹಾಗಾಗಿ ನಮ್ಮ ಪರೀಕ್ಷೆಯಲ್ಲಿ ಇದೂ ಪಾಸು. ಸ್ವಲ್ಪ ಬೇಗ ಹೋಗುವ ಆಲ್ಫಾ ಪೆಂಡುಲಾರ್ ಉಳಿಸುವುದು ಅರ್ಧ ಗಂಟೆಗೂ ಕಡಿಮೆ. ಪೋರ್ಟೊದಲ್ಲಿ ದೂರದ ರೈಲುಗಳು ನಿಲ್ಲುವುದು ಕಂಪನ್ಯಾದಲ್ಲಿ. ಊರೊಳಗಿನ ಸಾವೊ ಬೆಂತೊಗೆ ಅದೇ ಟಿಕೆಟಿನಲ್ಲಿ ಲೋಕಲ್ ಹಿಡಿಯಬಹುದು, ಟ್ಯಾಕ್ಸಿ ಬೇಡ. ಸಾವೊ ಬೆಂತೊ ಒಳಗಿನ ನೀಲಿ ಟೈಲ್ಸ್ ಗೋಡೆಯೇ ಒಂದು ಪ್ರವಾಸಿ ತಾಣ, ಟಿಕೆಟ್ ಇಲ್ಲ.

ಇಲ್ಲಿನ ನಿಜವಾದ ಬೆಲೆಬಾಳುವ ವಸ್ತು ಡೌರೊ ನದಿಯಗುಂಟದ ರೈಲು ಮಾರ್ಗ. ಪೋರ್ಟೊದಿಂದ ಪಿನ್ಯಾವೊಗೆ ಎರಡೂವರೆ ಗಂಟೆ, ಸ್ಥಿರ ದರದ ಮಾಮೂಲಿ ರೈಲು. ಮೊದಲ ಒಂದು ಗಂಟೆ ವಿಶೇಷವೇನೂ ಇಲ್ಲ, ಆಮೇಲೆ ಹಳಿ ನದಿಯ ಅಂಚಿಗೇ ಇಳಿಯುತ್ತದೆ. ಹೋಗುವಾಗ ಬಲಗಡೆ ಕಿಟಕಿ, ಬರುವಾಗ ಎಡಗಡೆ. ಸೀಟು ಕಾಯ್ದಿರಿಸಲು ಆಗದ ರೈಲಿದು, ಬಲಗಡೆ ಬೇಕಿದ್ದರೆ ಇಪ್ಪತ್ತು ನಿಮಿಷ ಮೊದಲು ಬರಬೇಕು.

ಕೊರತೆಗಳು ಎರಡು. ಪೋರ್ಚುಗಲ್ ರೈಲು ನಕ್ಷೆಯಲ್ಲಿ ಒಂದು ಮೂಲೆ. ಮ್ಯಾಡ್ರಿಡ್‌ಗೆ ಹೋಗುತ್ತಿದ್ದ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು, ಬೇರೆ ದೇಶ ಸೇರಿಸಬೇಕೆಂದರೆ ಹೆಚ್ಚಾಗಿ ವಿಮಾನ ಅಥವಾ ಬಸ್ಸು. ಇನ್ನೊಂದು ರೈಲ್ವೆ ಮುಷ್ಕರ. 'ಗ್ರೆವ್' ಎಂಬ ಪದ ಸುದ್ದಿಯಲ್ಲಿ ಕಂಡರೆ ಆ ದಿನದ ಟಿಕೆಟನ್ನು ಹಿಂದೆ ಮುಂದೆ ಮಾಡಿಕೊಳ್ಳಿ. ಲಿಸ್ಬನ್‌ನಲ್ಲಿ ತಲೆಗೆ ರಾತ್ರಿಗೆ 4 ಯೂರೊ ಪ್ರವಾಸಿ ತೆರಿಗೆ ಬಾಡಿಗೆಯ ಮೇಲೆ ಬೀಳುತ್ತದೆ. ಲಿಸ್ಬನ್ ಪಕ್ಕದ ಸಿಂತ್ರಾದ ಪೆನಾ ಅರಮನೆ ಟಿಕೆಟಿನಲ್ಲಿರುವ ವೇಳೆ ಅರಮನೆ ಬಾಗಿಲಿನದು, ಉದ್ಯಾನದ ಗೇಟಿನದಲ್ಲ. ನಡುವೆ ಏರು ನಡಿಗೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಕಾಲ್ದೊ ವೆರ್ದೆ ಸೂಪು ಸೊಪ್ಪಿನದೇ ಹೌದು, ಮೇಲೊಂದು ಸಾಸೇಜ್ ತುಂಡು ತೇಲುತ್ತಿರುತ್ತದೆ.

ರೊಮೇನಿಯಾ? ಹಣದಲ್ಲಿ ಹಗುರ, ಗಡಿಯಾರಕ್ಕೆ ಭಾರ. ಬುಕಾರೆಸ್ಟ್‌ನಿಂದ ಸಿನಾಯಾ, ಬ್ರಶೋವ್‌ವರೆಗೆ ಚೆನ್ನ. ಅದರಾಚೆ ಸಿಗಿಶೋರಾಕ್ಕೆ ರೈಲು ತೆವಳುತ್ತದೆ. ಬ್ರಾನ್ ಕೋಟೆಗೆ ರೈಲೇ ಇಲ್ಲ, ಬ್ರಶೋವ್‌ನಿಂದ ಬಸ್ಸು. 2025ರ ಜನವರಿ 1ರಿಂದ ಭೂಗಡಿಯೂ ಷೆಂಗೆನ್ ಒಳಗೆ ಬಂದಿದೆ, ಬೇರೆ ವೀಸಾದ ಗೋಜು ಮಾತ್ರ ಇಲ್ಲ.

ಪಾಸು, ವೀಸಾ, ರಾತ್ರಿಗಳ ಎಣಿಕೆ

ಹಲವು ದೇಶಗಳ ರೈಲಿಗೆ ಒಂದೇ ಆಗಿ ನಡೆಯುವ ಯುರೇಲ್ ಪಾಸು ಈ ಯಾವ ದೇಶಕ್ಕೂ ಬೇಡ. ನಾಲ್ಕು ದಿನದ ಗ್ಲೋಬಲ್ ಪಾಸಿನ ಒಂದು ದಿನದ ಪಾಲು ದೊಡ್ಡವರಿಗೆ 70 ಯೂರೊ ಹತ್ತಿರ. ಮೇಲೆ ಹೇಳಿದ ದೇಶದೊಳಗಿನ ಪ್ರಯಾಣಗಳಲ್ಲಿ ಪೂರ್ತಿ ದರದ ಟಿಕೆಟ್ ಕೂಡ ಅದರ ಹತ್ತಿರ ಸುಳಿಯುವುದಿಲ್ಲ. ಸಾಲದ್ದಕ್ಕೆ ಪೋಲೆಂಡ್, ಪೋರ್ಚುಗಲ್‌ನ ದೂರದ ರೈಲುಗಳಲ್ಲಿ ಪಾಸಿದ್ದವರೂ ಸೀಟು ಕಾಯ್ದಿರಿಸಲೇಬೇಕು.

ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, 6ರಿಂದ 12ರೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ 15 ದಿನ ಇರುವವರೆಗೆ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೊಗೆ ಬೇಕು. ಹೆಚ್ಚು ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ, ರಾತ್ರಿಗಳು ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಾಗ್ 3, ವಿಯೆನ್ನಾ 3, ಬುಡಾಪೆಸ್ಟ್ 3 ಎಂದು ಸಮನಾಗಿ ಹಂಚುವುದು ನೋಡಲು ಚೆಂದ, ಆದರೆ ಒಂದು ಬುಕಿಂಗ್ ಆಚೀಚೆ ಆದರೂ ಅರ್ಜಿ ತಪ್ಪು ದೇಶಕ್ಕೆ ಹೋದಂತಾಗುತ್ತದೆ. ಒಂದು ದೇಶಕ್ಕೆ ಸ್ಪಷ್ಟವಾಗಿ ಎರಡು ರಾತ್ರಿ ಹೆಚ್ಚು ಕೊಡಿ.

ಬೆಂಗಳೂರಿನಿಂದ ಪ್ರಾಗ್, ವಾರ್ಸಾ, ಲಿಸ್ಬನ್ ಯಾವುದಕ್ಕೂ ನೇರ ವಿಮಾನವಿಲ್ಲ. ದುಬೈ, ದೋಹಾ ಮೇಲೆ ಹೋಗುವ ಕಂಪನಿಗಳು ಈ ಊರುಗಳನ್ನೆಲ್ಲ ಮುಟ್ಟುತ್ತವೆ. ಅದರಲ್ಲಿ 'ಮಲ್ಟಿ ಸಿಟಿ' ಆರಿಸಿ ವಾರ್ಸಾದಲ್ಲಿ ಇಳಿದು ಪ್ರಾಗ್‌ನಿಂದ ಹತ್ತುವ ಹಾಗೆ ಮಾಡಿದರೆ ಹೋಗಿ ಬರುವ ದರದಷ್ಟೇ ಬೀಳುವುದು ಸಾಮಾನ್ಯ, ಒಂದು ದಿನದ ವಾಪಸ್ ರೈಲೂ ಉಳಿಯುತ್ತದೆ.

ಮೊದಲ ಸಲ ಹೋಗುವವರಿಗೆ ನಾವು ಹೇಳುವುದು ಇದೇ ದಾರಿ: ವಾರ್ಸಾ 2 ರಾತ್ರಿ, ಕ್ರಾಕೋವ್ 4, ದಾರಿಯ ನಡುವಿನ ಚೆಕ್ ಊರು ಒಲೊಮೌಟ್ಸ್ 1, ಪ್ರಾಗ್ 3. ಆರು ರಾತ್ರಿ ಪೋಲೆಂಡಿನಲ್ಲಿ, ಅರ್ಜಿ ಅಲ್ಲಿಗೇ. ಕ್ರಾಕೋವ್‌ನಿಂದ ಪ್ರಾಗ್‌ಗೆ ಒಂದೇ ದಿನದಲ್ಲಿ ಹೋಗುವುದು ಏಳೆಂಟು ಗಂಟೆಯ ಕೂರುವಿಕೆ. ಒಲೊಮೌಟ್ಸ್‌ನಲ್ಲಿ ಮುರಿದರೆ ಪ್ರಾಗ್‌ನಂಥ ಜನಜಂಗುಳಿಯಿಲ್ಲದ ಚೌಕ, 2000ದಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕ್ರೈಸ್ತರ ಪವಿತ್ರ ತ್ರಿತ್ವದ ಸ್ತಂಭ, ಅಗ್ಗದ ಕೋಣೆ ಮೂರೂ ಸಿಗುತ್ತವೆ. ಮರುದಿನ ಪ್ರಾಗ್ ಎರಡೂವರೆ ಗಂಟೆಯೊಳಗೆ. ಗಡಿಯಾಚೆಯ ಬೊಹುಮೀನ್‌ನಲ್ಲಿ ರೈಲು ಬದಲಿಸಬೇಕಾಗಿ ಬಂದರೆ ಕ್ರಾಕೋವ್–ಒಲೊಮೌಟ್ಸ್ ಪೂರ್ತಿ ಒಂದೇ ಟಿಕೆಟ್ ಕೊಳ್ಳಿ. ಎರಡು ತುಂಡು ಮಾಡಿ ನಾಲ್ಕು ಕಾಸು ಉಳಿಸಿದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಹೊಣೆ ಯಾರದೂ ಅಲ್ಲ. ಒಂದೇ ಟಿಕೆಟ್ ಆದರೆ ಮುಂದಿನ ರೈಲು ಹತ್ತಿಸುವುದು ಅವರ ಕೆಲಸ, ಕೊನೆಯ ನಿಲ್ದಾಣಕ್ಕೆ ಒಂದು ಗಂಟೆ ತಡವಾದರೆ ದರದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ಕೇಳಿ ಪಡೆಯುವ ಹಕ್ಕೂ ಇದೆ. ಹೇಗೂ ತುಂಡು ಮಾಡಲೇಬೇಕಾದರೆ ಬೊಹುಮೀನ್‌ನಲ್ಲಿ ಒಂದು ಗಂಟೆಗೆ ಕಡಿಮೆ ಬಿಡುವು ಇಡಬೇಡಿ.