ಹಂದಿ ಫಾರಂ ಒಂದರಿಂದ ತಳಿ ತಂದ ಅನುಭವ: 5ಕ್ಕೆ 3 ಸ್ಟಾರ್

ಕಳೆದ ವರ್ಷ ಹಾಸನದ ಕಡೆಯ ಒಂದು ಫಾರಂನಿಂದ ನಾಲ್ಕು ಯಾರ್ಕ್‌ಶೈರ್ ತಳಿಯ ಹೆಣ್ಣು, ಒಂದು ಡ್ಯೂರಾಕ್ ತಳಿಯ ಗಂಡು ತಂದೆ. ಫಾರಂನವರು ನನ್ನನ್ನು ಗೂಡಿನೊಳಗೆ ಬಿಟ್ಟರು, ಬಗ್ಗಿ ಹೆಣ್ಣುಗಳ ಮೊಲೆ ಎಣಿಸಿದೆ. ಮೂರಕ್ಕೆ 14, ಸಾಲೂ ನೇರ. ನಾಲ್ಕನೆಯದಕ್ಕೆ 12, ಅದರಲ್ಲಿ ಎರಡು ಒಳಕ್ಕೆ ಎಳೆದುಕೊಂಡಿದ್ದವು. "ಬೆಳೆದಂತೆ ಸರಿಹೋಗುತ್ತೆ ಸಾರ್" ಅಂದರು. ಸುಮ್ನೆ ನಂಬಿದೆ. ಗಬ್ಬ ಕಟ್ಟಿದ ಮೇಲೆ 114 ದಿನ ಕಾದೆ, ಆ ನಾಲ್ಕನೆಯದು 11 ಮರಿ ಹಾಕಿತು. ಹಾಲು ಸಿಕ್ಕಿದ್ದು ಹತ್ತಕ್ಕೆ. ಉಳಿದ ಒಂದಕ್ಕೆ ನನ್ನ ಹೆಂಡತಿ ಬಾಟಲಿ ಹಿಡಿದಳು. ಈ ದೋಷ ಮರಿಗಳಿಗೂ ಇಳಿಯುತ್ತದೆ, ಹಾಗಾಗಿ ಅದರ ಒಂದು ಹೆಣ್ಣನ್ನೂ ತಳಿಗೆ ಉಳಿಸಿಕೊಳ್ಳಲಿಲ್ಲ.

ಗಂಡು ಮಾತ್ರ ಚಿನ್ನ! ಕಾಲು ಗಟ್ಟಿ, ಸ್ವಭಾವ ಸಾಧು. ಆದರೆ ಅದರ ತಾಯಿ ಎಷ್ಟು ಸೂಲು, ಎಷ್ಟು ಮರಿ ಅಂತ ಕೇಳಿದರೆ ದಾಖಲೆ ಪುಸ್ತಕವೇ ಇಲ್ಲ. ಇಷ್ಟು ಜಾಸ್ತಿ ಬೆಲೆ ಇಟ್ಟವರು ಅಷ್ಟಾದರೂ ಬರೆದಿಡಬೇಕು ಅಲ್ವಾ?