ಗ್ರಾಮಸಭೆಯ ಸೇವೆ: ಒಂದು ದೂರು, ನಾಲ್ಕು ಇಲಾಖೆ

ಕೊಡಗು ಜಿಲ್ಲೆಯ ವಿರಾಜಪೇಟೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಇರುವ ನಮ್ಮ ಪಂಚಾಯಿತಿಯ ಈ ಬಾರಿಯ ಗ್ರಾಮಸಭೆಯನ್ನು, ನಾಗರಿಕರಿಗೆ ಸಲ್ಲಬೇಕಾದ ಒಂದು ಸೇವೆಯೆಂದೇ ಪರಿಗಣಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ಇದರ ದೊಡ್ಡ ಗುಣವೆಂದರೆ, ಹತ್ತು ಕಚೇರಿ ಅಲೆದು ಹೇಳಬೇಕಾದದ್ದನ್ನು ಒಂದೇ ಕಡೆ, ಎಲ್ಲರೆದುರು ಹೇಳಬಹುದು. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಯ ಮಹಿಳೆಯೊಬ್ಬರು ಎದ್ದು, ಸಂಜೆಯಾಗುತ್ತಲೇ ಕಾಡಾನೆಗಳು ರಸ್ತೆಗೆ ಬರುವುದರಿಂದ ಶಾಲೆ ಮಕ್ಕಳು ಬಸ್ಸಿಳಿದು ತೋಟದ ದಾರಿಯಲ್ಲಿ ನಡೆಯಲು ಹೆದರುತ್ತಿದ್ದಾರೆ ಎಂದರು. ಮೇಲ್ನೋಟಕ್ಕೆ ಇದು ಅರಣ್ಯ ಇಲಾಖೆಯ ವಿಷಯ. ಆದರೆ ಹಿಂದೆ ಕುಳಿತಿದ್ದವರೊಬ್ಬರು ಬಸ್ಸಿನ ವೇಳೆಯ ಮಾತೆತ್ತಿದರು, ಇನ್ನೊಬ್ಬರು ಕೆಟ್ಟುನಿಂತ ಬೀದಿದೀಪಗಳನ್ನು ನೆನಪಿಸಿದರು, ಶಾಲೆಯನ್ನು ಸ್ವಲ್ಪ ಬೇಗ ಬಿಡಬಹುದೇ ಎಂದು ಮತ್ತೊಬ್ಬರು ಕೇಳಿದರು. ಬಸ್ಸು ಅರ್ಧ ಗಂಟೆ ಮೊದಲೇ ಬಂದರೆ ತಮ್ಮ ಸಿಬ್ಬಂದಿಯ ಗಸ್ತಿಗೂ ಅನುಕೂಲ ಎಂದು ಅರಣ್ಯಾಧಿಕಾರಿಯೇ ಒಪ್ಪಿಕೊಂಡರು. ಜನಾಭಿಪ್ರಾಯಕ್ಕೆ ಇಲಾಖೆಗಳ ಗಡಿ ಗೊತ್ತಿಲ್ಲ. ಅದರ ಬಲವಿರುವುದೂ ಅಲ್ಲೇ.

ಇದಕ್ಕೆ ನಮ್ಮ ಜಿಲ್ಲೆಯದೇ ಒಂದು ಹಳೆಯ ಉದಾಹರಣೆಯಿದೆ. 2019ರ ಜೂನ್‌ನಲ್ಲಿ ಕೊಡಗಿಗೆ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು ಟ್ವಿಟರ್‌ನಲ್ಲಿ ಎದ್ದ ಕೂಗಿಗೆ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಸ್ಪಂದಿಸಿದ್ದರು. ರೈಲು ಸಂಪರ್ಕವಿಲ್ಲದ, ಗಂಭೀರ ಸ್ಥಿತಿಯ ರೋಗಿಯನ್ನು ಮೈಸೂರಿಗೋ ಮಂಗಳೂರಿಗೋ ಕೊಂಡೊಯ್ಯಬೇಕಾದ ಜಿಲ್ಲೆಯಲ್ಲಿ, ಅದರಲ್ಲೂ ಹಿಂದಿನ ವರ್ಷವಷ್ಟೇ ಭೂಕುಸಿತದಿಂದ ರಸ್ತೆಗಳು ಕಡಿದುಹೋಗಿದ್ದಾಗ, ಆಸ್ಪತ್ರೆಯ ಬೇಡಿಕೆ ಸಹಜವಾಗಿಯೇ ರಸ್ತೆ ಮತ್ತು ಆಂಬುಲೆನ್ಸ್‌ಗಳ ಬೇಡಿಕೆಯೂ ಆಗಿತ್ತು.

ಸೇವೆಯ ಕೊರತೆ ಕಾಣುವುದು ನಡಾವಳಿಯಲ್ಲಿ. ಒಟ್ಟಿಗೆ ಕೇಳಿದ್ದನ್ನು ಅಲ್ಲಿ ನಾಲ್ಕು ತುಂಡು ಮಾಡಿ, ಇಲಾಖೆವಾರು ನಾಲ್ಕು ಕಡೆ ಬರೆಯಲಾಗಿದೆ. ಬಸ್ಸಿನ ವೇಳೆಗೂ ಆನೆಗೂ ಏನು ಸಂಬಂಧವೆಂಬುದು ಆ ಪುಟಗಳಿಂದ ಯಾರಿಗೂ ತಿಳಿಯದು. ಸಂಬಂಧಪಟ್ಟ ಕಚೇರಿಯೊಂದರಿಂದ ಬಂದ ಉತ್ತರ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲು. ಇದು ನನಗೆ ತೀವ್ರ ಬೇಸರ ತಂದಿದೆ. ಸಭೆಯ ಸಮಯವೂ ಸರಿಯಿರಲಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಹಗಲು ಹನ್ನೊಂದಕ್ಕೆ ಕರೆದರೆ ಕಾರ್ಮಿಕರು ದಿನದ ಕೂಲಿ ಬಿಟ್ಟು ಬರಬೇಕಾಗುತ್ತದೆ. ಆನೆಯ ಭಯ ಹೆಚ್ಚಾಗಿ ಕಾಡುವುದು ಅವರನ್ನೇ.

ಆದರೂ ಈ ಸಭೆಗೆ ಹೋಗಿ ಎಂದೇ ಹೇಳುತ್ತೇನೆ. ಹೋದವರು, ಸಭೆ ಮುಗಿಯುವ ಮುನ್ನ ನಿರ್ಣಯವನ್ನು ಗಟ್ಟಿಯಾಗಿ ಓದಿಸಿ, ಯಾವ ಇಲಾಖೆ ಯಾವ ಇಲಾಖೆಯೊಂದಿಗೆ ಸೇರಿ ಕೆಲಸ ಮಾಡಬೇಕೆಂಬುದನ್ನು ಅಲ್ಲೇ ಬರೆಸಿಕೊಳ್ಳಿ. ಪಂಚಾಯಿತಿಯವರು ಮುಂದಿನ ಸಭೆಯನ್ನು ಭಾನುವಾರ ಕರೆಯಲಿ, ಹಿಂದಿನ ನಿರ್ಣಯಗಳಲ್ಲಿ ಯಾವುದು ಜಾರಿಯಾಯಿತು ಎಂದು ತಿಳಿಸುವ ಅನುಪಾಲನಾ ವರದಿಯಿಂದಲೇ ಅದನ್ನು ಆರಂಭಿಸಲಿ.