ಆರ್‌ಡಿ 350 ಕಾರ್ಬ್ ಸಿಂಕ್: ಡ್ರಿಲ್ ಬಿಟ್ಟಾ, ವ್ಯಾಕ್ಯೂಮ್ ಗೇಜಾ?

ರಾಜ್‌ದೂತ್ 350 (ಅದೇ ಆರ್‌ಡಿ 350) ಇಟ್ಕೊಂಡಿರೋರು ಕಾರ್ಬ್ ಸಿಂಕ್ ಮಾಡೋಕೆ, ಅಂದ್ರೆ ಎರಡೂ ಕಾರ್ಬ್ಯುರೇಟರ್ ಸಮವಾಗಿ ಕೆಲಸ ಮಾಡೋ ಹಾಗೆ ಹೊಂದಿಸೋಕೆ, ವ್ಯಾಕ್ಯೂಮ್ ಗೇಜ್‌ಗೆ (ಸಿಲಿಂಡರ್ ಗಾಳಿ ಎಳೆಯೋ ಬಲ ತೋರಿಸೋ ಮೀಟರ್) ದುಡ್ಡು ಹಾಕೋ ಮುಂಚೆ ಇದನ್ನ ಓದಿ. ನನ್ ಪ್ರಕಾರ ಈ ಗಾಡಿಗೆ ಡ್ರಿಲ್ ಬಿಟ್ಟೇ ಸರಿ, ಯಾಕಂದ್ರೆ ಇದು ಟೂ ಸ್ಟ್ರೋಕು, ಎರಡು ಸಿಲಿಂಡರ್‌ಗೆ ಎರಡು ಮಿಕುನಿ ಕಾರ್ಬ್, ಸ್ಲೈಡನ್ನ (ಕಾರ್ಬ್ ಒಳಗೆ ಗಾಳಿ ದಾರಿ ತೆರೆದು ಮುಚ್ಚೋ ಭಾಗ) ಕೇಬಲ್ಲೇ ನೇರವಾಗಿ ಎತ್ತುತ್ತೆ, ಹಾಗಾಗಿ ಎರಡೂ ಸ್ಲೈಡ್ ಒಂದೇ ಎತ್ತರದಲ್ಲಿ ಕೂತು ಒಟ್ಟಿಗೆ ಏಳ್ಬೇಕು ಅಷ್ಟೇ. ಏರ್ ಫಿಲ್ಟರ್ ರಬ್ಬರ್ ಬಿಚ್ಚಿ, ಎರಡೂ ಸ್ಲೈಡ್ ಕೆಳಗೆ ಒಂದೇ ಸೈಜಿನ ಬಿಟ್ ಇಟ್ಟು ಐಡಲ್ ಸ್ಕ್ರೂ ಸಮ ಮಾಡಿ, ಆಮೇಲೆ ಬಿಟ್ ತೆಗೆದು ಸ್ಲೈಡ್‌ಗಳಿಗೆ ಬೆರಳಿಟ್ಟು ಥ್ರಾಟಲ್ ನಿಧಾನಕ್ಕೆ ತಿರುಗಿಸಿ, ಒಂದು ಮೊದಲು ಎದ್ರೆ ಕೇಬಲ್ ಅಡ್ಜಸ್ಟರ್‌ನಲ್ಲಿ ಸರಿಮಾಡಿ. ಕೊನೇಲಿ ಆಯಿಲ್ ಪಂಪ್ ಮಾರ್ಕ್ (ಪಂಪ್ ಥ್ರಾಟಲ್‌ಗೆ ಹೊಂದಿದೆಯಾ ಅಂತ ತೋರಿಸೋ ಗುರುತು) ನೋಡ್ಲೇಬೇಕು, ಆಯಿಲ್ ಕಮ್ಮಿ ಆದ್ರೆ ಪಿಸ್ಟನ್ ಸೀಜ್ ಆಗುತ್ತೆ!

ಗೇಜ್ ಬೇಕಾಗೋದು ಹೋಂಡಾ ಸಿಬಿ750 ಥರದ ಫೋರ್ ಸ್ಟ್ರೋಕ್‌ಗಳಿಗೆ. ನಾಲ್ಕು ಕಾರ್ಬ್ ಇರುತ್ತೆ, ಎಂಜಿನ್ ಓಡ್ತಿರುವಾಗ ಯಾವ ಸಿಲಿಂಡರ್ ಎಷ್ಟು ಎಳೀತಿದೆ ಅಂತ ಗೇಜಲ್ಲೇ ಕಾಣುತ್ತೆ, ಕಣ್ಣಳತೆ ಅಲ್ಲಿ ಸಾಲಲ್ಲ. ವಾಲ್ವ್ ಕ್ಲಿಯರೆನ್ಸ್ ಮೊದಲೇ ಸರಿ ಇರ್ಬೇಕು, ಎಂಜಿನ್ ಕಾಯದ ಹಾಗೆ ಎದುರಿಗೊಂದು ಫ್ಯಾನೂ ಇಡಿ.

ಎರಡು ಕಾರ್ಬ್ ಬೇರೆ ಬೇರೆ ಗಾಡಿದಾದ್ರೆ ಮಾತ್ರ ಯಾವ ವಿಧಾನನೂ ಕೆಲಸಕ್ಕೆ ಬರಲ್ಲ. ಐಡಲ್ ಸಮ ಬಂದ್ರೂ ಅರ್ಧ ಥ್ರಾಟಲ್‌ನಲ್ಲಿ ಒಂದು ಸೈಡ್ ಲೀನ್ (ಪೆಟ್ರೋಲ್ ಕಮ್ಮಿ, ಗಾಳಿ ಜಾಸ್ತಿ) ಓಡ್ಬಹುದು. ಸ್ಲೈಡ್ ಮೇಲಿನ ಕಟ್‌ಅವೇ ನಂಬರು (ಸ್ಲೈಡ್ ಅಂಚು ಎಷ್ಟು ಕತ್ತರಿಸಿದೆ ಅನ್ನೋ ಅಳತೆ), ಮೇನ್ ಜೆಟ್ಟು, ಸೂಜಿ ಕ್ಲಿಪ್ಪು, ಫ್ಲೋಟ್ ಲೆವೆಲ್ಲು ಇವನ್ನ ಮೊದಲು ಜೋಡಿ ಮಾಡಿ, ಸಿಂಕ್ ಆಮೇಲೆ.